ಸಾಕುಪ್ರಾಣಿ ಪ್ರಶ್ನೋತ್ತರ: ಗಿನಿಪಿಗ್‌ನ ಕೊನೆಯ ದಿನಗಳು

ಪ್ರಶ್ನೆ: ನಮ್ಮ ಮನೆಯಲ್ಲಿ ಕಡ್ಲೆ, ಚುಕ್ಕಿ ಎಂಬ ಎರಡು ಹೆಣ್ಣು ಗಿನಿಪಿಗ್‌ಗಳಿವೆ. ಐದೂವರೆ ವರ್ಷದ ಕಡ್ಲೆಗೆ ಹೊಟ್ಟೆಯಲ್ಲಿ ಗೆಡ್ಡೆಯಾಗಿದ್ದು, ಶಸ್ತ್ರಚಿಕಿತ್ಸೆಯನ್ನು ಅದು ತಾಳಲಾರದು ಎಂದು ಪಶುವೈದ್ಯರು ಹೇಳಿದ್ದಾರೆ. 950 ಗ್ರಾಂ ಇದ್ದ ತೂಕ 610ಕ್ಕೆ ಇಳಿದಿದೆ. ರೋಮ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂರುತ್ತದೆ, ಸೌತೆಕಾಯಿ ಹೋಳನ್ನು ಮೂಸಿ ಬಿಟ್ಟುಬಿಡುತ್ತದೆ. ಅದಕ್ಕೆ ನೆಮ್ಮದಿ ಕೊಡುವುದು ಹೇಗೆ? ಚುಚ್ಚುಮದ್ದು ಕೊಡಿಸಿ ಕಳಿಸಿಬಿಡುವುದು ಪಾಪವಲ್ಲವೇ? ಒಂಬತ್ತು ವರ್ಷದ ಮಗಳಿಗೆ ಏನೆಂದು ಹೇಳಲಿ? "ಇಲಿಯಂಥ ಪ್ರಾಣಿಗೆ ಇಷ್ಟು ರಂಪವೇ" ಎಂದು ಅತ್ತೆಯವರು ಕೇಳುತ್ತಾರೆ. ನನಗೂ ಉತ್ತರ ಗೊತ್ತಿಲ್ಲ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ನೋವಿನ ವಿಚಾರ. ಗಿನಿಪಿಗ್ ಬೇಟೆಗೆ ಗುರಿಯಾಗುವ ಜಾತಿಯ ಪ್ರಾಣಿಯಾದ್ದರಿಂದ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ನಾಯಿಯಂತೆ ಕುಂಯ್‌ಗುಟ್ಟುವುದಿಲ್ಲ. ರೋಮ ಉಬ್ಬಿಸಿ ಬೆನ್ನು ಬಾಗಿಸಿ ಕೂರುವುದು, ಅರೆಗಣ್ಣು, ಹಲ್ಲು ಕಡಿಯುವ ಸಣ್ಣ ಸದ್ದು, ಇವೇ ಅದರ ನರಳಾಟ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಕಡ್ಲೆಗೆ ಈಗಾಗಲೇ ನೋವಿದೆ ಎಂದೇ ನಾನು ತಿಳಿಯುತ್ತೇನೆ. ಗುಣವಾಗದ ಕಾಯಿಲೆ ಎಂದ ಮಾತ್ರಕ್ಕೆ ಔಷಧವೇ ಬೇಡ ಎಂದಲ್ಲ. ಮೆಲಾಕ್ಸಿಕಾಮ್‌ನಂಥ ನೋವು ನಿವಾರಕವನ್ನು ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಬರೆದುಕೊಡಲು ನಿಮ್ಮ ವೈದ್ಯರನ್ನು ಇಂದೇ ಕೇಳಿ. ಅವರಿಗೆ ಇಂಥ ಪುಟ್ಟ ಪ್ರಾಣಿಗಳ ರೂಢಿ ಇಲ್ಲದಿದ್ದರೆ, ನಿಮ್ಮೂರಿನಲ್ಲೇ ಇರುವ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನು ಪುಡಿಮಾಡಿ ಕೊಡುವ ಸಾಹಸ ಮಾತ್ರ ಬೇಡ.

ಜಾಗ ಬೆಚ್ಚಗಿರಲಿ. ಸೊರಗಿದ ದೇಹ ತನ್ನ ಶಾಖವನ್ನು ತಾನೇ ಕಾಯ್ದುಕೊಳ್ಳಲಾರದು, ಅದರಲ್ಲೂ ನಿಮ್ಮ ಕಡೆಯ ಮಳೆಗಾಲದ ಥಂಡಿಯಲ್ಲಿ. ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಗೂಡಿನ ಒಂದು ಬದಿಗೆ ಮಾತ್ರ ಇಡಿ. ಸೆಕೆಯೆನಿಸಿದರೆ ಕಡ್ಲೆ ಇನ್ನೊಂದು ಬದಿಗೆ ಸರಿಯುವಂತಿರಬೇಕು. ನೀರಿನ ಬಾಟಲಿಗೆ ಕತ್ತೆತ್ತಲು ಆಗದ ಪ್ರಾಣಿಗೆ ಆಳವಿಲ್ಲದ ಬಟ್ಟಲಲ್ಲಿ ನೀರನ್ನು ಮೂಗಿನ ಹತ್ತಿರವೇ ಇಡಬೇಕು. ಹಾಸಿದ ಟವೆಲ್ ಒದ್ದೆಯಾದಾಗಲೆಲ್ಲ ಬದಲಿಸಿ. ಮೂತ್ರದಲ್ಲಿ ನೆಂದ ಹಿಂಭಾಗದ ಚರ್ಮ ಬೇಗ ಹುಣ್ಣಾಗುತ್ತದೆ, ನೊಣ ಮೊಟ್ಟೆಯಿಟ್ಟು ಹುಳುವೂ ಆಗಬಹುದು. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು, ಸ್ನಾನ ಮಾಡಿಸಬೇಡಿ.

ಊಟದ ವಿಷಯದಲ್ಲಿ ಒಂದು ಇಕ್ಕಟ್ಟಿದೆ. ಗಿನಿಪಿಗ್‌ನ ಕರುಳು ಸದಾ ಚಲಿಸುತ್ತಿರಬೇಕು. ಅರ್ಧ ದಿನ ಏನೂ ತಿನ್ನದಿದ್ದರೂ ಅಪಾಯ. ಗುಣವಾಗುವ ಕಾಯಿಲೆಯಾಗಿದ್ದರೆ ಹುಲ್ಲಿನ ಪುಡಿಯ ಆಹಾರವನ್ನು ನೀರಿನಲ್ಲಿ ಕಲಸಿ, ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಸ್ವಲ್ಪಸ್ವಲ್ಪವೇ ತಿನ್ನಿಸಿ ಎಂದು ಒತ್ತಾಯಿಸುತ್ತಿದ್ದೆ. ಕಡ್ಲೆ ತಾನಾಗಿ ಜಗಿದು ನುಂಗುವವರೆಗೆ ಈಗಲೂ ಹಾಗೆಯೇ ಮಾಡಿ. ಆದರೆ ಅದು ಮುಖ ತಿರುಗಿಸಿದರೆ, ಅಥವಾ ಬಾಯಿಗೆ ಹಾಕಿದ್ದು ತುಟಿಯ ಅಂಚಿನಿಂದ ಹೊರಗೆ ಸುರಿದರೆ ಅಲ್ಲಿಗೇ ನಿಲ್ಲಿಸಬೇಕು. ಶ್ವಾಸಕೋಶಕ್ಕೆ ಇಳಿದ ಆಹಾರದಿಂದ ಉಸಿರುಗಟ್ಟಿ ಸಾಯುವುದಕ್ಕಿಂತ ಹಸಿದಿರುವುದು ಮೇಲು. ಕೊತ್ತಂಬರಿ ಸೊಪ್ಪು, ತೆಳ್ಳಗೆ ಹೆಚ್ಚಿದ ದೊಣ್ಣೆಮೆಣಸಿನಕಾಯಿ ಎದುರಿಗಿರಲಿ. ಹಾಲು, ಗಂಜಿ ಅದರ ಹೊಟ್ಟೆಗೆ ಒಗ್ಗುವುದಿಲ್ಲ.

ಚುಕ್ಕಿಯನ್ನು ಬೇರ್ಪಡಿಸಬೇಡಿ. ಕಾಯಿಲೆ ಅಂಟುವಂಥದ್ದಲ್ಲ, ಪಕ್ಕಕ್ಕೆ ಒತ್ತಿಕೊಂಡು ಮಲಗುವ ಜೊತೆಗಾತಿ ನಿಮ್ಮ ಅಂಗೈಗಿಂತ ಹೆಚ್ಚಿನ ಸಮಾಧಾನ ಕೊಡಬಲ್ಲಳು. ಇಡೀ ದಿನ ತೊಡೆಯ ಮೇಲಿಟ್ಟುಕೊಂಡು ಮುದ್ದಿಸುವುದು ನಮ್ಮ ದುಃಖಕ್ಕೆ ಒಳ್ಳೆಯದೇ ಹೊರತು ಅದಕ್ಕಲ್ಲ.

ಇನ್ನು ಪಾಪದ ಪ್ರಶ್ನೆ. ಔಷಧದಿಂದಲೂ ಹತೋಟಿಗೆ ಬಾರದ ನೋವಿನಲ್ಲಿ ಅಥವಾ ಉಸಿರಿಗಾಗಿ ಬಾಯಿ ತೆರೆದು ಒದ್ದಾಡುವ ಸ್ಥಿತಿಯಲ್ಲಿ ಪ್ರಾಣಿಯನ್ನು "ತಾನಾಗಿಯೇ ಹೋಗಲಿ" ಎಂದು ಬಿಟ್ಟು ಕೂರುವುದನ್ನು ಪುಣ್ಯವೆಂದು ಒಪ್ಪಲು ನನ್ನ ಮನಸ್ಸು ತಯಾರಿಲ್ಲ. ಗಿನಿಪಿಗ್‌ಗಳು ನಿದ್ದೆಯಲ್ಲಿ ಸುಖವಾಗಿ ಸಾಯುತ್ತವೆ ಎಂಬ ನಂಬಿಕೆ ಬಹಳ ಸಲ ನಿಜವಾಗುವುದಿಲ್ಲ. ದಯಾಮರಣಕ್ಕೆ ಒಪ್ಪುವ ಮುನ್ನ ವೈದ್ಯರನ್ನು ಒಂದು ಮಾತು ಖಚಿತವಾಗಿ ಕೇಳಿ: ಅನಿಲದಿಂದಲೋ ಸೂಜಿಯಿಂದಲೋ ಮೊದಲು ಪೂರ್ತಿ ಪ್ರಜ್ಞೆ ತಪ್ಪಿಸಿ, ಆಮೇಲೆಯೇ ಕೊನೆಯ ಚುಚ್ಚುಮದ್ದು ಕೊಡುತ್ತೀರಾ? ಹೌದು ಎಂದರೆ ಮಾತ್ರ ಮುಂದುವರಿಯಿರಿ. ಮನೆಯಲ್ಲೇ ಹೋದರೂ, ಆಸ್ಪತ್ರೆಯಲ್ಲಿ ಹೋದರೂ ಕಣ್ಣು ತೆರೆದೇ ಇರಬಹುದು, ಸತ್ತ ಮೇಲೂ ಕಾಲು ಒಂದೆರಡು ಬಾರಿ ಅದುರಬಹುದು, ಮೂತ್ರ ಸೋರಬಹುದು. ಇವು ನೋವಿನ ಗುರುತಲ್ಲ ಎಂದು ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ.

ಮಗಳಿಗೆ ನಿಜವನ್ನೇ ಹೇಳಿ, ಅದೂ ಈಗಲೇ. "ಮಲಗಿಬಿಟ್ಟಿತು", "ಊರಿಗೆ ಹೋಯಿತು" ಎಂದರೆ ಕೆಲವು ಮಕ್ಕಳು ರಾತ್ರಿ ಮಲಗಲು ಹೆದರುತ್ತಾರೆ, ಕೆಲವರು ಕಾಯುತ್ತ ಕೂರುತ್ತಾರೆ. ಕಡ್ಲೆಯ ಹೊಟ್ಟೆಯ ಗೆಡ್ಡೆ ವಾಸಿಯಾಗುವುದಿಲ್ಲ, ಅದು ಸಾಯುತ್ತದೆ, ಅದಕ್ಕೆ ಯಾರೂ ಕಾರಣರಲ್ಲ ಎಂಬ ಮೂರು ಮಾತು ಸಾಕು. ಸೊಪ್ಪು ಬಿಡಿಸಿಡುವುದು, ಟವೆಲ್ ಬದಲಿಸುವುದು ಅವಳ ಕೆಲಸವಾಗಲಿ. ಕೊನೆಗಳಿಗೆಯಲ್ಲಿ ಹತ್ತಿರ ಇರಬೇಕೋ ಬೇಡವೋ ಎಂಬುದನ್ನು ಅವಳ ಇಷ್ಟಕ್ಕೆ ಬಿಡಿ.

ಸತ್ತ ಮೇಲೆ ದೇಹವನ್ನು ಒಂದಷ್ಟು ಹೊತ್ತು ಚುಕ್ಕಿಯ ಬಳಿ ಬಿಟ್ಟರೆ ಒಳ್ಳೆಯದು; ಮೂಸಿ ನೋಡಿದ ಮೇಲೆ ಅವು ಹುಡುಕಾಟವನ್ನು ಬೇಗ ನಿಲ್ಲಿಸುವುದನ್ನು ಸಾಕಿದವರು ಗಮನಿಸಿದ್ದಾರೆ. ಹಿತ್ತಲಲ್ಲಿ ಹೂಳುವುದಾದರೆ ಬಾವಿಯಿಂದ ದೂರ, ಮೂರಡಿ ಆಳದಲ್ಲಿ, ಪ್ಲಾಸ್ಟಿಕ್ ಬಿಟ್ಟು ಹತ್ತಿಬಟ್ಟೆಯಲ್ಲಿ ಸುತ್ತಿ ಹೂಳಿ. ಚುಚ್ಚುಮದ್ದು ಕೊಡಿಸಿದ ದೇಹದಲ್ಲಿ ಔಷಧ ಉಳಿದಿರುವುದರಿಂದ, ನಾಯಿಯೋ ಕಾಗೆಯೋ ಅದನ್ನು ತಿಂದರೆ ಅವುಗಳಿಗೂ ವಿಷವಾಗುತ್ತದೆ. ಅಂಥ ದೇಹವನ್ನು ಸುಡಿಸಲು ಸಾಧ್ಯವಾದರೆ ಅದೇ ಉತ್ತಮ.

ಅತ್ತೆಯವರೊಡನೆ ವಾದಕ್ಕಿಳಿಯಬೇಡಿ. ಐದು ವರ್ಷ ದಿನವೂ ಬೆಳಿಗ್ಗೆ ಫ್ರಿಜ್ ಬಾಗಿಲಿನ ಸದ್ದಿಗೆ ಕೂಗಿ ಕರೆಯುತ್ತಿದ್ದ ಜೀವ ಇಲ್ಲವಾದಾಗ ಅಳು ಬರುವುದಕ್ಕೆ ಪ್ರಾಣಿಯ ಗಾತ್ರ ಅಡ್ಡಿಯಾಗುವುದಿಲ್ಲ. ಬಹುಶಃ ಅವರೂ ಎಂದೋ ಹಟ್ಟಿಯಲ್ಲಿ ಹಸುವನ್ನು ಕಳೆದುಕೊಂಡವರಿರಬಹುದು, ಕೇಳಿ ನೋಡಿ.

ಪ್ರಶ್ನೆ: ಹಿಂದಿನ ಸಂಜೆ ಚೆನ್ನಾಗಿಯೇ ತಿಂದಿದ್ದ ನಮ್ಮ ಗಿನಿಪಿಗ್ ಬೆಳಿಗ್ಗೆ ಸತ್ತು ಬಿದ್ದಿತ್ತು. ಗಮನಿಸದೇ ಹೋದೆನಲ್ಲ ಎಂಬ ಕೊರಗು ಹೋಗುತ್ತಿಲ್ಲ. ಉಳಿದ ಒಂದನ್ನು ಏನು ಮಾಡಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ರೋಗ ಮರೆಮಾಚುವ ಈ ಪ್ರಾಣಿ ವೈದ್ಯರ ಕಣ್ಣನ್ನೂ ತಪ್ಪಿಸುತ್ತದೆ; ಹಿಂದಿನ ಸಂಜೆ ನಿಮಗೆ ಕಾಣಿಸದ್ದು ಕಾಣುವಂತೆ ಇರಲೇ ಇಲ್ಲ. ಉಳಿದದ್ದನ್ನು ಬಹಳ ಕಾಲ ಒಂಟಿಯಾಗಿ ಇಡಬೇಡಿ. ಸ್ವಿಟ್ಜರ್ಲೆಂಡ್‌ನಲ್ಲಂತೂ 2008ರಿಂದ ಗಿನಿಪಿಗ್‌ಗೆ ಜೊತೆ ಇರಲೇಬೇಕೆಂದು ಕಾನೂನೇ ಇದೆ. ಹೊಸದನ್ನು ತಂದರೆ ಎರಡು–ಮೂರು ವಾರ ಬೇರೆ ಕೋಣೆಯಲ್ಲಿಟ್ಟು ಆರೋಗ್ಯ ನೋಡಿಕೊಂಡು, ಆಮೇಲೆ ಎರಡಕ್ಕೂ ಪರಿಚಯವಿಲ್ಲದ ಜಾಗದಲ್ಲಿ ಒಟ್ಟಿಗೆ ಬಿಡಿ. ಒಂದು ಗಂಡು ಇನ್ನೊಂದು ಹೆಣ್ಣು ಆಗದಂತೆ ನೋಡಿಕೊಳ್ಳಿ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಕಣ್ಣಿಗೆ ಏನೂ ಕಾಣದಿರುವಾಗಲೂ ತೂಕ ಇಳಿದಿರುತ್ತದೆ, ಐವತ್ತು ಗ್ರಾಂ ಕಡಿಮೆಯಾದರೂ ಪಶುವೈದ್ಯರಿಗೆ ತೋರಿಸಿ.