ಕಾರವಾರದ ರೈಲು ಸ್ಟೇಶನ್ನಿನ ಹೊರಗೆ ದಿನವಿಡೀ ಗೇರ್ ಸೈಕಲ್ ಬಿಡಬೇಕು, ಯಾವ ನಂಬರ್ ಲಾಕ್ ಒಳ್ಳೆಯದು?

ನಂಬರ್ ಲಾಕೇ ಬೇಡ ಮಾರಾಯ್ರೇ. ನಾನೂ ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಹೀಗೇ ಬಿಟ್ಟು ಹೋಗುತ್ತಿದ್ದೆ. ಒಂದು ಸಂಜೆ ಬಂದು ನೋಡಿದರೆ ಕಂಬಕ್ಕೆ ಮುಂದಿನ ಗಾಲಿಯೊಂದೇ ಒರಗಿತ್ತು. ಲಾಕ್ ಹಾಕಿದ್ದು ಹಾಕಿದ ಹಾಗೇ!

ತಪ್ಪು ಲಾಕಿನದಲ್ಲ. ಕಂಬಕ್ಕೆ ಹತ್ತಿರ ಸಿಕ್ಕಿದ್ದು ಮುಂದಿನ ಗಾಲಿ, ಅದರ ಕಡ್ಡಿಗಳ ನಡುವೆ ನಂಬರ್ ಲಾಕಿನ ಕೇಬಲ್ ತೂರಿಸಿ ಹೋಗಿದ್ದೆ. ಗೇರ್ ಸೈಕಲ್ಲುಗಳಲ್ಲಿ ಮುಂದಿನ ಅಚ್ಚಿಗೆ ಹೆಚ್ಚಾಗಿ ಕ್ವಿಕ್ ರಿಲೀಸ್ ಇರುತ್ತದೆ. ಹಿಡಿಕೆ ತಿರುವಿ, ಆಚೆ ಬದಿಯ ನಟ್ಟನ್ನು ನಾಲ್ಕು ಸುತ್ತು ಸಡಿಲಿಸಿ, ಹ್ಯಾಂಡಲ್ ಎತ್ತಿದರೆ ಗಾಲಿ ಕೆಳಗೆ, ಸೈಕಲ್ ಕಳ್ಳನ ಕೈಗೆ. ಡಿಸ್ಕ್ ಬ್ರೇಕಾದರೆ ಇನ್ನೂ ಸಲೀಸು. ನಟ್ಟು ಬಿಗಿದ ಗಾಲಿಯೂ ಒಂದು ಸ್ಪ್ಯಾನರಿಗೆ ಬರುತ್ತದೆ. ಅಂದರೆ ನಾನು ದಿನಾ ಬೀಗ ಹಾಕುತ್ತಿದ್ದದ್ದು ಗಾಲಿಗೆ, ಸೈಕಲ್ಲಿಗಲ್ಲ.

ಹಾಗಂತ ಆ ಲಾಕೂ ಗಟ್ಟಿಯೇನಲ್ಲ. ಬೆರಳು ದಪ್ಪ ಕಾಣುವ ಕೇಬಲ್ಲಿನಲ್ಲಿ ಅರ್ಧಕ್ಕರ್ಧ ಪ್ಲಾಸ್ಟಿಕ್ಕೇ. ಒಳಗಿರುವುದು ಹೆಣೆದ ಸಣ್ಣ ತಂತಿ. ಕಟಿಂಗ್ ಪ್ಲೈಯರಿನಲ್ಲಿ ಎಳೆ ಎಳೆಯಾಗಿ ಕತ್ತರಿಸಬಹುದು. ಅಗ್ಗದ ನಂಬರ್ ಲಾಕನ್ನು ಜಗ್ಗಿ ಹಿಡಿದು ಬಿಲ್ಲೆ ತಿರುಗಿಸಿದರೆ ಸರಿಯಾದ ಅಂಕಿ ಬೆರಳಿಗೇ ಗೊತ್ತಾಗುತ್ತದೆ. ಹಿಂದಿನ ಗಾಲಿಯ ರಿಂಗ್ ಲಾಕ್ ಗಾಲಿ ತಿರುಗದ ಹಾಗೆ ಮಾಡುತ್ತದೆ ಅಷ್ಟೆ, ಹೊತ್ತು ಒಯ್ಯುವವನಿಗೆ ಅದೇನು ಅಡ್ಡಿ?

13–14 ಮಿ.ಮೀ. ದಪ್ಪದ, ಹದ ಮಾಡಿದ ಉಕ್ಕಿನ ಯೂ ಲಾಕ್ (ಇಂಗ್ಲಿಷಿನ U ಆಕಾರದ ಸರಳಿನ ಬೀಗ) ತೆಗೆದುಕೊಳ್ಳಿ. ದುಂಡು ಕೊಳವೆಯಂಥ ಕೀಲಿಕೈಯದ್ದು ಬೇಡ; 2004ರಲ್ಲಿ ಅಮೆರಿಕದಲ್ಲಿ ಅಂಥ ಲಾಕುಗಳನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ನಳಿಗೆಯಲ್ಲೇ ತೆಗೆದು ತೋರಿಸಿದ್ದರು. ಸೀಟಿನ ಕೆಳಗೆ ಫ್ರೇಮಿನ ಹಿಂದಿನ ತ್ರಿಕೋನ ಇದೆಯಲ್ಲ, ಅದರೊಳಗೆ ಹಾಯುವ ಹಿಂದಿನ ರಿಮ್ಮನ್ನೂ ಕಂಬವನ್ನೂ ಕೂಡಿಸಿ ಹಾಕಿ. ಗಾಲಿ ಬಿಚ್ಚಿದರೂ ಲಾಕ್ ಹಾಕಿದ ರಿಮ್ ಆ ತ್ರಿಕೋನದಿಂದ ಹೊರಬರದು; ಲಾಕನ್ನೋ ರಿಮ್ಮನ್ನೋ ಕೊಯ್ಯದೆ ಸೈಕಲ್ ಬಿಡಿಸಲಾಗದು. ಲಾಕ್ ಸಣ್ಣದಿದ್ದಷ್ಟೂ ಒಳ್ಳೆಯದು, ಒಳಗೆ ಜಾಗ ಉಳಿದರೆ ಜಾಕ್ ತೂರಿಸಿ ಹಿಗ್ಗಿಸುತ್ತಾರೆ. ನೆಲಕ್ಕೆ ತಾಗಿಸಲೂಬೇಡಿ, ಸುತ್ತಿಗೆಗೆ ನೆಲವೇ ಅಡಿಗಲ್ಲಾಗುತ್ತದೆ. ಮುಂದಿನ ಗಾಲಿಗೆ ಬೇಕಾದರೆ ಒಂದು ಕೇಬಲ್ ಸುತ್ತಿ ಯೂ ಲಾಕಿಗೇ ಸಿಕ್ಕಿಸಿ.

ಕಂಬ ಅಲ್ಲಾಡಿಸಿ ನೋಡಿ. ಕುಳ್ಳ ಕಂಬವಾದರೆ ಸೈಕಲ್ಲನ್ನು ಮೇಲಿಂದಲೇ ಎತ್ತಿ ತೆಗೆಯುತ್ತಾರೆ. (ಶಿರಸಿ ಕಡೆ ಅಡಿಕೆ ದಬ್ಬೆಯ ಬೇಲಿಗೆ ಯೂ ಲಾಕ್ ಹಾಕಿದವರನ್ನೂ ಕಂಡಿದ್ದೇನೆ!)

ನಮ್ಮ ಉಪ್ಪುಗಾಳಿಗೆ ಮಳೆಗಾಲ ಮುಗಿಯುವಷ್ಟರಲ್ಲಿ ಲಾಕ್ ಕಚ್ಚಿಕೊಳ್ಳುತ್ತದೆ. ಕೀಲಿಕೈ ಹಾಕುವ ತೂತು ಕೆಳಮುಖವಾಗಿರಲಿ. ಹದಿನೈದು ದಿನಕ್ಕೊಮ್ಮೆ ಹೊಲಿಗೆ ಮಷೀನಿನ ಎಣ್ಣೆ ಎರಡು ಹನಿ ಬಿಡಿ. ತೆಂಗಿನೆಣ್ಣೆ ಬೇಡ, ಮರಳು ಹಿಡಿಯುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ.

ಇನ್ನೊಂದು, ಪೆಡಲ್ ಅಚ್ಚಿನ ಅಡಿಯಲ್ಲಿ ಹೆಚ್ಚಾಗಿ ಫ್ರೇಮ್ ನಂಬರ್ ಒತ್ತಿರುತ್ತಾರೆ. ಇವತ್ತೇ ಸೈಕಲ್ ಮಗುಚಿ ಫೋಟೊ ತೆಗೆದಿಡಿ. ದೂರು ಬರೆಸಲು ಹೋದಾಗ ನನ್ನ ಹತ್ತಿರ ನಂಬರ್ ಕೇಳಿದರು; ತೋರಿಸಲು ನನಗಿದ್ದದ್ದು ಒಂದು ಗಾಲಿ.