‘ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್’ (1954) ಚಿತ್ರದಲ್ಲಿ ಇವಾ ಸ್ಮಿತ್‌ಳ ಸಾವಿಗೆ ಹೊಣೆ ಯಾರು?

ಕಾನೂನಿನ ಪ್ರಕಾರ ಯಾರೂ ಅಲ್ಲ. ಚಿತ್ರದ ಬಿಗಿ ಇರುವುದೇ ಅಲ್ಲಿ. ಜೆ. ಬಿ. ಪ್ರೀಸ್ಟ್‌ಲಿಯವರ ನಾಟಕವನ್ನು ಆಧರಿಸಿ ಗೈ ಹ್ಯಾಮಿಲ್ಟನ್ ನಿರ್ದೇಶಿಸಿದ ಈ ಚಿತ್ರದ ಕತೆ 1912ರ ಇಂಗ್ಲೆಂಡಿನಲ್ಲಿ, ಕಾರ್ಖಾನೆಯ ಒಡೆಯ ಬರ್ಲಿಂಗ್‌ನ ಮನೆಯಲ್ಲಿ ನಡೆಯುತ್ತದೆ. ಕೂಲಿ ಹೆಚ್ಚಿಸಬೇಕೆಂದು ಕೇಳಿದ್ದಕ್ಕೆ ಬರ್ಲಿಂಗ್ ತನ್ನ ಕಾರ್ಖಾನೆಯ ಕೆಲಸಗಾರ್ತಿ ಇವಾಳನ್ನು ಕೆಲಸದಿಂದ ತೆಗೆಯುತ್ತಾನೆ, ಅವನ ಮಗಳು ಸಿಟ್ಟಿನ ಭರದಲ್ಲಿ ದೂರು ಹೇಳಿ ಅವಳ ಅಂಗಡಿಯ ಕೆಲಸವನ್ನೂ ತಪ್ಪಿಸುತ್ತಾಳೆ, ಭಾವೀ ಅಳಿಯ ಕೆಲಕಾಲ ಇಟ್ಟುಕೊಂಡು ಕೈಬಿಡುತ್ತಾನೆ, ಮಗನಿಂದ ಅವಳು ಗರ್ಭಿಣಿಯಾಗುತ್ತಾಳೆ, ಕೊನೆಗೆ ನೆರವು ಬೇಡಿ ಬಂದವಳನ್ನು ದಾನಸಂಸ್ಥೆಯ ಸಮಿತಿಯಲ್ಲಿದ್ದ ಬರ್ಲಿಂಗ್‌ನ ಹೆಂಡತಿ ಬರಿಗೈಯಲ್ಲಿ ಕಳಿಸುತ್ತಾಳೆ. ನನಗೆ ಎಲ್ಲಕ್ಕಿಂತ ಕಠೋರವೆನಿಸುವುದು ಈ ಕೊನೆಯ ನಡೆ, ಏಕೆಂದರೆ ಆಕೆಗೆ ಪಶ್ಚಾತ್ತಾಪದ ಸುಳಿವೂ ಇಲ್ಲ. ನಾಟಕದಲ್ಲಿ ಇವಾ ರಂಗದ ಮೇಲೆ ಬರುವುದೇ ಇಲ್ಲ; ಚಿತ್ರವಾದರೋ ಅವಳ ಬದುಕನ್ನು ಹಿನ್ನೋಟಗಳಲ್ಲಿ ಕಣ್ಣೆದುರೇ ತೋರಿಸುವುದರಿಂದ, ಅವಳ ಸಾವಿನ ವಿಚಾರಣೆಗೆ ಆ ಮನೆಗೆ ಬರುವ ಇನ್‌ಸ್ಪೆಕ್ಟರ್ ಪಾತ್ರದಲ್ಲಿ ನಟ ಅಲಸ್ಟೇರ್ ಸಿಮ್ ತಣ್ಣಗೆ ಕೇಳುವ ಪ್ರತಿ ಪ್ರಶ್ನೆಯೂ ನೇರವಾಗಿ ತಾಗುತ್ತದೆ.