ಅಪ್ಪನ ಸ್ಕೂಟರ್ ನಂಬರ್ ಎಲ್ಲೆಲ್ಲೂ ಕಾಣುವುದೇಕೆ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು, ಅವತ್ತಿನಿಂದ ಅವರ ಸ್ಕೂಟರ್ ನಂಬರ್ 4172 ಬಸ್ಸಿನ ಮೇಲೆ, ಕರೆಂಟ್ ಬಿಲ್ಲಿನಲ್ಲಿ, ಈಗ ಸೈಟ್ ಬ್ರೋಕರ್ ಫೋನ್ ನಂಬರಿನ ಕೊನೆಗೂ ಕಾಣಿಸಿದೆ, ಇದು ಸೈಟ್ ಕೊಳ್ಳೋದಕ್ಕೆ ಅಪ್ಪನ ಒಪ್ಪಿಗೆಯಾ ಅಂತ ಕೇಳಿದ್ದೀರಿ. ಮನೆಯವರು ನಕ್ಕರಂತೆ. ನನಗೆ ನಗು ಬರಲಿಲ್ಲ.

ನಮ್ಮಮ್ಮ ಐಸಿಯುನಲ್ಲಿದ್ದಾಗ ನಾನು ಹೊರಗೆ ಬೆಂಚಿನ ಮೇಲೆ ಕೂತು, ಇದೊಂದು ಸಲ ಉಳಿದುಕೊಂಡರೆ ಸಾಕು ಅಂದುಕೊಳ್ಳುವಷ್ಟರಲ್ಲಿ ಟ್ಯೂಬ್‌ಲೈಟ್ ಹಿಂದೆ ಹಲ್ಲಿ ಲೊಚಗುಟ್ಟಿತು. ಬೆರಳಲ್ಲಿ ಬೆಂಚು ತಟ್ಟಿ ‘ಕೃಷ್ಣ ಕೃಷ್ಣ’ ಅಂದೆ. ಮೂರು ದಿನದಿಂದ ಬಾರದ ನಿದ್ದೆ ಅವತ್ತು ಬಂತು. ಅಮ್ಮ ಉಳಿಯಲಿಲ್ಲ. ಆ ಹಲ್ಲಿ ಅದಕ್ಕೂ ಮುಂಚೆ ಎಷ್ಟು ಸಲ ಲೊಚಗುಟ್ಟಿತ್ತೋ, ನನ್ನ ಕಿವಿಗೆ ಬಿದ್ದಿದ್ದು ಅದೊಂದೇ.

ನಿಮ್ಮ ನಂಬರೂ ಹಾಗೇ. ಓಟಿಪಿ, ಬಿಲ್ಲು, ನಂಬರ್ ಪ್ಲೇಟು ಅಂತ ದಿನವಿಡೀ ಅದೆಷ್ಟು ಅಂಕಿ ಕಣ್ಣೆದುರು ಹಾದುಹೋಗುತ್ತವೆ, ಅಲ್ವಾ? ಉಳಿದವು ಮರೆತುಹೋಗುತ್ತವೆ, ಇದು ಮಾತ್ರ ಕೂತುಬಿಡುತ್ತದೆ.

1944ರಲ್ಲಿ ಲಂಡನ್ ಮೇಲೆ ಜರ್ಮನ್ನರ ವಿ-1 ಹಾರುವ ಬಾಂಬುಗಳು ಬೀಳುತ್ತಿದ್ದಾಗ, ಅವು ಕೆಲವು ಕಡೆಗೇ ಗುಂಪಾಗಿ ಬೀಳುತ್ತಿವೆ ಅನ್ನೋ ಮಾತು ಹಬ್ಬಿತ್ತು. ಆರ್. ಡಿ. ಕ್ಲಾರ್ಕ್ ಅನ್ನುವವರು ದಕ್ಷಿಣ ಲಂಡನ್ನಿನ ನಕ್ಷೆಯನ್ನು 576 ಚೌಕ ಮಾಡಿ ಎಣಿಸಿದರು, 1946ರಲ್ಲಿ ಅದನ್ನು ಪ್ರಕಟಿಸಿದರು. ಒಟ್ಟು 537 ಬಾಂಬು. 229 ಚೌಕಕ್ಕೆ ಒಂದೂ ಬಿದ್ದಿರಲಿಲ್ಲ, 7 ಚೌಕಕ್ಕೆ ನಾಲ್ಕು ನಾಲ್ಕು ಬಿದ್ದಿದ್ದವು. ಕಣ್ಣು ಮುಚ್ಚಿ ಕಾಳು ಎರಚಿದರೂ ಹೆಚ್ಚುಕಡಿಮೆ ಹೀಗೇ ಬೀಳುತ್ತದೆ. ಆದರೆ ಪಕ್ಕದ ಬೀದಿಗೆ ಮೂರು ಬಿದ್ದು ನಿಮ್ಮ ಮನೆ ಉಳಿದರೆ, ಅದು ಸುಮ್ನೆ ಆಯ್ತು ಅಂತ ಒಪ್ಪೋದು ಹೇಗೆ? ನಮ್ಮ ಕೈಲಿ ಏನೂ ಇಲ್ಲ ಅನ್ನಿಸಿದಾಗಲೇ ಸೂಚನೆ ಹುಡುಕೋದು ಜಾಸ್ತಿ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅಂತ ಊರಿಗೆಲ್ಲ ಹೇಳುವ ನಾವು, ನಮ್ಮ ಸರದಿ ಬಂದಾಗ ಕಾಗೆಯನ್ನೇ ನೋಡುತ್ತೇವೆ. ಅದು ದಡ್ಡತನ ಅಲ್ಲ, ಸಂಕಟ.

ಆದ್ದರಿಂದ 4172 ಕಂಡಾಗ ಅಪ್ಪನ ನೆನಪಾದರೆ ಆಗಲಿ, ಬಸ್‌ಸ್ಟ್ಯಾಂಡಿನಲ್ಲಿ ಎರಡು ನಿಮಿಷ ನಿಂತುಕೊಳ್ಳಿ. ಆ ನೆನಪಂತೂ ನಿಜವೇ. ಸೈಟಿನ ವಿಷಯಕ್ಕೆ ಮಾತ್ರ ಆ ನಂಬರನ್ನು ತರಬೇಡಿ. ಖಾತೆ ಯಾರ ಹೆಸರಲ್ಲಿದೆ ನೋಡಿ, ಸೈಟಿನ ಮೇಲೆ ಸಾಲ, ಋಣಭಾರ ಇದೆಯಾ ಅಂತ ತಿಳಿಸುವ ಇಸಿ ತೆಗೆಸಿ, ಪತ್ರಗಳನ್ನು ವಕೀಲರಿಗೆ ತೋರಿಸಿ. ಅಲ್ಲಿಯವರೆಗೆ ಬ್ರೋಕರ್ ಕೈಗೆ ಅಡ್ವಾನ್ಸ್ ಕೊಡಬೇಡಿ.